ಐದಕ್ಕೆ ಒಂದು ಹಾಕಿದಾಗ ಅರ್ಜಿಯಲ್ಲಿ ಏನು ಬರೆಯಬೇಕು

ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಧಾರವಾಡದ ಕಾಲೇಜುಗಳಲ್ಲಿ ಇಂಟರ್ನಲ್ಸ್ (ಕಾಲೇಜಿನಲ್ಲೇ ಹಾಕುವ ಆಂತರಿಕ ಅಂಕ) ಪಟ್ಟಿ ಹಚ್ಚುತ್ತಾರೆ, ಮರುದಿನದಿಂದ ಅರ್ಜಿಗಳು ಶುರು. ಎಲ್ಲದರ ಧಾಟಿ ಹೆಚ್ಚೂಕಡಿಮೆ ಒಂದೇ: ‘ನಾನು ದಿನಾಲೂ ತರಗತಿಗೆ ಬಂದಿದ್ದೇನೆ, ಮುಂದಿನ ಬೆಂಚಿನಲ್ಲಿ ಕೂತಿದ್ದೇನೆ, ಆದರೂ ಭಾಗವಹಿಸುವಿಕೆಗೆ 5ಕ್ಕೆ 1 ಹಾಕಿದ್ದಾರೆ. ನನಗೆ ಅನ್ಯಾಯವಾಗಿದೆ, ದಯಮಾಡಿ ಹೆಚ್ಚಿನ ಅಂಕ ನೀಡಬೇಕಾಗಿ ವಿನಂತಿ.’ ಇಂಥ ಅರ್ಜಿ ಹಿಡಿದು ಕಾಲೇಜಿನ ಕುಂದುಕೊರತೆ ಸಮಿತಿ ಏನೂ ಮಾಡಲಾರದು. ಅಧ್ಯಾಪಕರನ್ನು ಕರೆಸಿ ಕೇಳಿದರೆ ‘ಆಕಿ ಕ್ಲಾಸಿನ್ಯಾಗ ಬಾಯೇ ಬಿಡೂದಿಲ್ರೀ’ ಅನ್ನುತ್ತಾರೆ, ಫೈಲು ಮುಚ್ಚುತ್ತದೆ.

ಎಷ್ಟು ಸಲ ಹೇಳಿದರೂ ತಲೆಗೆ ಹೋಗದ ಸಂಗತಿ ಇದು: ಸಮಿತಿ ಅಂಕ ಕೊಡುವುದಿಲ್ಲ, ಅಂಕ ಹಾಕಿದ ರೀತಿ ಸರಿ ಇತ್ತೇ ಎಂಬುದನ್ನಷ್ಟೇ ನೋಡುತ್ತದೆ. ನಿಮಗೆ 4 ಬರಬೇಕಿತ್ತೋ 1 ಬರಬೇಕಿತ್ತೋ ಎಂಬುದು ಪಾಠ ಮಾಡಿದವರ ತೀರ್ಮಾನ. ಅದನ್ನು ಬದಿಗೆ ಸರಿಸಿ ತಮ್ಮ ತೀರ್ಮಾನ ಕೂಡಿಸಲು ಪ್ರಿನ್ಸಿಪಾಲರೂ ಹಿಂಜರಿಯುತ್ತಾರೆ, ಕೋರ್ಟೂ ಹಿಂಜರಿಯುತ್ತದೆ. ಆದರೆ ಆ 1 ಯಾವ ಅಳತೆಯಿಂದ ಬಂತು, ಆ ಅಳತೆಯನ್ನು ಸೆಮಿಸ್ಟರಿನ ಆರಂಭದಲ್ಲೇ ಹೇಳಿದ್ದರೇ, ಎಲ್ಲರಿಗೂ ಅದನ್ನೇ ಹಚ್ಚಿದರೇ, ಬರೆದಿಟ್ಟ ದಾಖಲೆ ಇದೆಯೇ ಎಂದು ನೀವು ಕೇಳಿದರೆ ‘ಬಾಯೇ ಬಿಡೂದಿಲ್ರೀ’ ಎಂಬ ಉತ್ತರ ಸಾಲುವುದಿಲ್ಲ. ‘ಹೆಚ್ಚು ಕೊಡಿ’ ಎಂಬುದು ಬೇಡಿಕೆ, ‘ಹೇಗೆ ಹಾಕಿದಿರಿ’ ಎಂಬುದು ಪ್ರಶ್ನೆ. ಬೇಡಿಕೆಯನ್ನು ತಳ್ಳಿಹಾಕಬಹುದು. ಪ್ರಶ್ನೆಗೆ ಉತ್ತರ ಬರೆದುಕೊಡಬೇಕಾಗುತ್ತದೆ.

ಆದ್ದರಿಂದ ಮೊದಲು ನಿಮ್ಮ ವಿಷಯದ ಸಿಲೆಬಸ್ ತೆಗೆಯಿರಿ. ಈಗಿನ ಪದವಿ ತರಗತಿಗಳಲ್ಲಿ ಸಾಮಾನ್ಯವಾಗಿ 80 ಪರೀಕ್ಷೆಗೆ, 20 ಇಂಟರ್ನಲ್ಸ್‌ಗೆ. ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ಬ್ಯಾಚಿನವರಿಗೆ 60 ಮತ್ತು 40 ಇತ್ತು. ಆ 20 ಯಾವ ಯಾವ ಬಾಬ್ತಿಗೆ ಹಂಚಿದೆ ಎಂದು ಅಲ್ಲಿ ಬರೆದಿರುತ್ತದೆ: ಟೆಸ್ಟ್, ಅಸೈನ್‌ಮೆಂಟ್, ಸೆಮಿನಾರ್, ಕೆಲವೆಡೆ ಹಾಜರಿ. ‘ಭಾಗವಹಿಸುವಿಕೆ’ ಎಂಬ ಬಾಬ್ತೇ ಅಲ್ಲಿ ಇಲ್ಲದಿದ್ದರೆ ನಿಮ್ಮ ಕೈಯಲ್ಲಿ ಇದಕ್ಕಿಂತ ಬಲವಾದ ಆಧಾರ ಬೇರೆ ಇಲ್ಲ. ಇದ್ದರೆ ಅದಕ್ಕೆಷ್ಟು ಎಂದು ಗುರುತು ಹಾಕಿಕೊಳ್ಳಿ. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಅಡಿಯ ಎಂಜಿನಿಯರಿಂಗ್ ಹುಡುಗರಿಗೆ ಈ ಲೆಕ್ಕ ಇನ್ನೂ ಬಿಗಿ. ಸಿಐಇಯಲ್ಲಿ, ಅಂದರೆ ಅಲ್ಲಿನ ಇಂಟರ್ನಲ್ಸ್‌ನಲ್ಲಿ, 50ಕ್ಕೆ 20 ಬರದಿದ್ದರೆ ಪರೀಕ್ಷೆಗೇ ಕೂರುವಂತಿಲ್ಲ. ಅಲ್ಲಿ ಒಂದೊಂದು ಅಂಕಕ್ಕೂ ತೂಕವಿದೆ.

ಆಮೇಲೆ ಕೂಡಿಸಿ ನೋಡಿ. ನಗಬೇಡಿ, ತಿದ್ದುಪಡಿಯಾಗುವ ಪ್ರಕರಣಗಳಲ್ಲಿ ದ್ವೇಷಕ್ಕಿಂತ ಕೈತಪ್ಪೇ ಹೆಚ್ಚು. 8 ಇದ್ದದ್ದು 3 ಎಂದು ಟೈಪಾಗಿರುತ್ತದೆ, ಮೇಲಿನ ರೋಲ್ ನಂಬರಿನ ಅಂಕ ಕೆಳಗೆ ಇಳಿದಿರುತ್ತದೆ, ಕೊಟ್ಟ ಅಸೈನ್‌ಮೆಂಟು ಗಂಟಿನಲ್ಲಿ ಸಿಗದೆ ಸೊನ್ನೆ ಬಿದ್ದಿರುತ್ತದೆ. ಇಂಥದ್ದು ಕಂಡರೆ ಅರ್ಜಿಯೇ ಬೇಡ. ಟೆಸ್ಟಿನ ಉತ್ತರಪತ್ರಿಕೆ ತೋರಿಸಿದರೆ ಹತ್ತು ನಿಮಿಷದ ಕೆಲಸ. ಆ ಉತ್ತರಪತ್ರಿಕೆಯನ್ನು ರದ್ದಿಗೆ ಹಾಕಿ ಬಂದವರಿಗೆ ಏನು ಹೇಳುವುದು!

ಹಾಜರಿಯೂ ಭಾಗವಹಿಸುವಿಕೆಯೂ ಒಂದೇ ಅಲ್ಲ. ಅಣ್ಣಿಗೇರಿ, ನವಲಗುಂದ, ಕಲಘಟಗಿಯಿಂದ ಬಸ್ಸಿಗೆ ಬರುವವರಿಗೆ ಮೊದಲ ಪಿರಿಯಡ್ಡು ತಪ್ಪುವುದು ಹೊಸತಲ್ಲ. ಹಾಜರಿಗೆ ಬೇರೆ ಅಂಕವಿದ್ದು ಅಲ್ಲಿ ಈಗಾಗಲೇ ಕಳೆದಿದ್ದರೆ, ಅದೇ ಕಾರಣಕ್ಕೆ ಭಾಗವಹಿಸುವಿಕೆಯಲ್ಲೂ ಕಳೆದರೇ ಎಂದು ಕೇಳಬಹುದು. ಇನ್ನು ಹಳ್ಳಿಯ ಕನ್ನಡ ಮಾಧ್ಯಮದಿಂದ ಬಂದು ಇಂಗ್ಲಿಷಿನಲ್ಲಿ ನಡೆಯುವ ಪಾಠಕ್ಕೆ ಕೂತ ಹುಡುಗಿಯರು. ನೋಟ್ಸು ಅಚ್ಚುಕಟ್ಟು, ಟೆಸ್ಟಿನಲ್ಲಿ ಒಳ್ಳೆಯ ಅಂಕ, ಆದರೆ ಎದ್ದು ನಿಂತು ಮಾತಾಡೆಂದರೆ ಗಂಟಲು ಕಟ್ಟುತ್ತದೆ. ಇವರ ಪರವಾಗಿ ಎಷ್ಟು ಬರೆದರೂ ನನಗೆ ಸಾಕೆನಿಸುವುದಿಲ್ಲ. ಮಾತಾಡುವುದೊಂದೇ ಅಳತೆ ಎಂದು ಮೊದಲೇ ಹೇಳಿದ್ದರೆ ವಾದ ಕಷ್ಟ. ಹೇಳಿರದಿದ್ದರೆ ಸೆಮಿನಾರ್ ಕೊಟ್ಟ ತಾರೀಖು, ಗ್ರೂಪ್ ಕೆಲಸದಲ್ಲಿ ಮಾಡಿದ ಭಾಗ, ಗೂಗಲ್ ಕ್ಲಾಸ್‌ರೂಮಿನಲ್ಲಿ ಹಾಕಿದ ಉತ್ತರ, ಇವೆಲ್ಲ ಭಾಗವಹಿಸುವಿಕೆಯೇ. ತಾರೀಖಿನ ಸಮೇತ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

ಸರ್ ಅಥವಾ ಮೇಡಂ ಅವರನ್ನು ಮೊದಲು ಒಬ್ಬರೇ ಹೋಗಿ ಕಾಣಿ. ಗೆಳೆಯರ ಗುಂಪು ಬೇಡ, ಪರಿಚಯದ ಮುಖಂಡರ ಫೋನಂತೂ ಬೇಡವೇ ಬೇಡ. ಆ ಫೋನ್ ಬಂದ ಮೇಲೆ ನಿಜವಾದ ತಪ್ಪನ್ನು ತಿದ್ದಲೂ ಅಧ್ಯಾಪಕರು ಹೆದರುತ್ತಾರೆ, ಒತ್ತಡಕ್ಕೆ ಮಣಿದರು ಅಂದಾರೆಂದು. ‘ಸರ, ಈ ಒಂದು ಅಂಕ ಹ್ಯಾಂಗ್ ಬಂತು ಅಂತ ತಿಳಕೋಬೇಕಾಗಿತ್ರಿ’ ಎಂದರೆ ಸಾಕು. ಅವರು ಹೇಳಿದ್ದನ್ನು ಅದೇ ದಿನ ಇಮೇಲ್‌ನಲ್ಲಿ ಅವರಿಗೇ ಎರಡು ಸಾಲು ಬರೆದು ಕಳಿಸಿ.

ಉತ್ತರ ಸಮಾಧಾನ ತರದಿದ್ದರೆ ವಿಭಾಗದ ಮುಖ್ಯಸ್ಥರಿಗೆ ಒಂದೇ ಪುಟದ ಅರ್ಜಿ, ಪ್ರಿನ್ಸಿಪಾಲರಿಗೆ ಪ್ರತಿ. ಸಿಲೆಬಸ್ಸಿನ ಸಾಲು, ಬಂದ ಅಂಕ, ನಿಮ್ಮ ದಾಖಲೆಗಳು, ಕೊನೆಗೆ ‘ಬಾಬ್ತುವಾರು ಅಂಕ ಮತ್ತು ಅದರ ಆಧಾರ ತಿಳಿಸಿ, ತಪ್ಪಿದ್ದರೆ ಸರಿಪಡಿಸಬೇಕು’ ಎಂಬ ಕೋರಿಕೆ. ‘ಪಕ್ಷಪಾತ’ ಎಂಬ ಪದ ಬೇಡ. ಗೆಳತಿಯ ಅಂಕವನ್ನೂ ಎಳೆದು ತರಬೇಡಿ. ಅವಳ ಅಂಕ ಇಳಿದರೆ ನಿಮ್ಮದು ಏರುವುದಿಲ್ಲ. ಜಾತಿಯ ಕಾರಣಕ್ಕೇ ಕಳೆದರು ಎಂಬುದಕ್ಕೆ ನಿರ್ದಿಷ್ಟ ಘಟನೆ ಇದ್ದರೆ ಅಂಕದ ಅರ್ಜಿಯೊಳಗೆ ಹುದುಗಿಸದೆ ಎಸ್‌ಸಿ/ಎಸ್‌ಟಿ ಸೆಲ್ಲಿಗೆ ಪ್ರತ್ಯೇಕವಾಗಿ ಬರೆಯಿರಿ. ನಿಮ್ಮ ಪ್ರತಿಯ ಮೇಲೆ ಇನ್‌ವರ್ಡ್ ನಂಬರು, ಸೀಲು, ತಾರೀಖು ಹಾಕಿಸಿಕೊಳ್ಳದೆ ಆಫೀಸಿನಿಂದ ಹೊರಬರಬೇಡಿ.

ಇದೆಲ್ಲ ಅಂಕಗಳು ಯುಯುಸಿಎಂಎಸ್ ಎಂಬ ರಾಜ್ಯದ ವಿಶ್ವವಿದ್ಯಾಲಯಗಳ ಆನ್‌ಲೈನ್ ಪೋರ್ಟಲ್ಲಿಗೆ ಏರುವ ಮೊದಲೇ ಆಗಬೇಕು. ಏರಿಸಿ ಅಂತಿಮಗೊಳಿಸಿದ ಮೇಲೆ ಕಾಲೇಜು ತನ್ನಷ್ಟಕ್ಕೆ ತಿದ್ದಲು ಬಾರದು, ಕುಲಸಚಿವರ (ಮೌಲ್ಯಮಾಪನ) ಕಚೇರಿಗೆ ಪತ್ರ ಹೋಗಬೇಕು. ರಿಸಲ್ಟ್ ಬಂದ ಮೇಲೆ ರಿವ್ಯಾಲ್ಯುಯೇಶನ್‌ಗೆ ದುಡ್ಡು ಕಟ್ಟಿ ಇಂಟರ್ನಲ್ಸ್ ಏರುವುದನ್ನು ಕಾಯುವವರು ಈಗಲೂ ಇದ್ದಾರೆ. ರಿವ್ಯಾಲ್ಯುಯೇಶನ್ ಸೆಮಿಸ್ಟರ್ ಪರೀಕ್ಷೆಯ ಉತ್ತರಪತ್ರಿಕೆಗೆ ಮಾತ್ರ.

ಕಾಲೇಜು ಸುಮ್ಮನಿದ್ದರೆ ಯುಜಿಸಿಯ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) 2023ರ ನಿಯಮದ ಪ್ರಕಾರ ವಿದ್ಯಾರ್ಥಿ ಕುಂದುಕೊರತೆ ಪರಿಹಾರ ಸಮಿತಿಗೆ ಹೋಗಬಹುದು. ದೂರು ತಲುಪಿದ 15 ಕೆಲಸದ ದಿನಗಳಲ್ಲಿ ಅದು ವರದಿ ಕೊಡಬೇಕು. ಒಪ್ಪಿಗೆಯಾಗದಿದ್ದರೆ ನಿರ್ಧಾರ ಕೈಸೇರಿದ 15 ದಿನಗಳೊಳಗೆ ವಿಶ್ವವಿದ್ಯಾಲಯದ ಓಂಬುಡ್ಸ್‌ಪರ್ಸನ್‌ಗೆ (ವಿದ್ಯಾರ್ಥಿಗಳ ಮೇಲ್ಮನವಿ ಕೇಳಲು ನೇಮಕವಾದವರು) ಮೇಲ್ಮನವಿ, ಅದನ್ನು ಇತ್ಯರ್ಥಪಡಿಸಲು ಅವರಿಗೆ 30 ದಿನ. ಉತ್ತರಪತ್ರಿಕೆಯ ಮರುಮೌಲ್ಯಮಾಪನ, ಮರುಎಣಿಕೆ ಕೋರುವ ಮನವಿಯನ್ನು ಫಲಿತಾಂಶ ಬದಲಿಸುವಂಥ ನಿರ್ದಿಷ್ಟ ಲೋಪವನ್ನೋ ತಾರತಮ್ಯದ ನಿರ್ದಿಷ್ಟ ಪ್ರಸಂಗವನ್ನೋ ತೋರಿಸದಿದ್ದರೆ ಅವರು ಕೈಗೆತ್ತಿಕೊಳ್ಳುವಂತಿಲ್ಲ. ಇಂಟರ್ನಲ್ಸ್ ವಿಷಯದಲ್ಲೂ ಅದೇ ಮಟ್ಟದ ಸಿದ್ಧತೆಯಿಂದ ಹೋಗುವುದು ಒಳಿತು. ಸುಳ್ಳು ದೂರಾದರೆ ದೂರುದಾರರ ಮೇಲೆಯೇ ಕ್ರಮಕ್ಕೆ ಶಿಫಾರಸು ಮಾಡುವ ಅಧಿಕಾರವೂ ಅವರಿಗಿದೆ.

ದಾಖಲೆ ಕೊಡಲು ಒಪ್ಪದಿದ್ದರೆ ಸರ್ಕಾರಿ ಅಥವಾ ಅನುದಾನಿತ ಕಾಲೇಜಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಬಹುದು. ಅನುದಾನರಹಿತ ಕಾಲೇಜಾದರೆ ವಕೀಲರನ್ನು ಒಮ್ಮೆ ಕೇಳಿ. ಮಾಹಿತಿ ಹಕ್ಕಿನ ಅರ್ಜಿಗೆ ಶುಲ್ಕ 10 ರೂಪಾಯಿ, ಉತ್ತರಕ್ಕೆ ಗಡುವು 30 ದಿನ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ. ಎರಡು ಪೇಪರಿನ ಇಂಟರ್ನಲ್ಸ್ ಬೇಕಾದವರು ಎರಡು ಅರ್ಜಿ ಹಾಕುವುದು ಕ್ಷೇಮ.