ಪದ ಪರಿಚಯ: ಅತಿಬಸಿತ

ಅನ್ನ ಬಸಿಯುವುದಾಗಲಿ, ಗದ್ದೆಯ ಬದಿಗೆ ಬಸಿಗಾಲುವೆ ತೋಡುವುದಾಗಲಿ ತುಂಗಭದ್ರೆಯ ಅಚ್ಚುಕಟ್ಟಿನವರಿಗೆ ಹೊಸ ಮಾತಲ್ಲ. ಆ ‘ಬಸಿ’ ಎಂಬ ಮಾತಿನಿಂದಲೇ, ನರಶಸ್ತ್ರಚಿಕಿತ್ಸಕರು ‘ಓವರ್‌ಡ್ರೈನೇಜ್’ ಎನ್ನುವ ತೊಡಕನ್ನು ಇಲ್ಲಿ ಅತಿಬಸಿತ ಎಂದು ಕರೆದಿದ್ದೇನೆ.

ವಯಸ್ಕರ ಮಿದುಳಿನಲ್ಲಿ ದಿನಕ್ಕೆ ಸುಮಾರು 500 ಮಿಲಿಲೀಟರ್ ದ್ರವ ಉತ್ಪತ್ತಿಯಾಗುತ್ತದೆ. ಅದು ರಕ್ತಕ್ಕೆ ಹಿಂಗದೆ ಮಿದುಳಿನ ಕುಹರಗಳಲ್ಲಿ ನಿಂತರೆ ಹೈಡ್ರೊಸೆಫಲಸ್. ನಮ್ಮ ಕಡೆಯ ಆಡುಮಾತಿನಲ್ಲಿ ‘ತಲೆಯಾಗ ನೀರು ತುಂಬೇದ’. ಆ ದ್ರವವನ್ನು ಚರ್ಮದಡಿಯ ಸಣ್ಣ ಕೊಳವೆಯ ಮೂಲಕ ಹೊಟ್ಟೆಗೆ ಇಳಿಸುವ ಏರ್ಪಾಟೇ ಶಂಟ್. ಎಷ್ಟು ಇಳಿಯಬೇಕೆಂಬುದನ್ನು ನಡುವಿನ ಕವಾಟ ನಿರ್ಧರಿಸುತ್ತದೆ.

ಶಂಟ್ ಬೇಕಾದ್ದಕ್ಕಿಂತ ಹೆಚ್ಚು ದ್ರವವನ್ನು ಇಳಿಸಿಬಿಡುವುದೇ ಅತಿಬಸಿತ. ಹಾಗೆಂದರೆ ಕವಾಟ ಕೆಟ್ಟಿದೆ ಎಂದೇ ಅರ್ಥವಲ್ಲ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೇ ಗೇಟು ಕೊಚ್ಚಿಹೋದಂಥ ಪ್ರಸಂಗ ಇದಲ್ಲ. ಇದಕ್ಕೆ ಹತ್ತಿರದ ಹೋಲಿಕೆ, ಕಾಲುವೆಯ ಏರಿಯ ಮೇಲಿಂದ ತಗ್ಗಿನ ಹೊಲಕ್ಕೆ ಇಳಿಬಿಟ್ಟ ಪೈಪು. ಒಮ್ಮೆ ನೀರು ತುಂಬಿ ಹರಿಯತೊಡಗಿದರೆ, ಇಳಿಜಾರಿನ ನೀರಿನ ತೂಕವೇ ಮೇಲಿನ ನೀರನ್ನು ಎಳೆಯುತ್ತದೆ; ಇದೇ ಸೈಫನ್. ಮಲಗಿದಾಗ ತಲೆ ಮತ್ತು ಹೊಟ್ಟೆ ಒಂದೇ ಮಟ್ಟದಲ್ಲಿರುವುದರಿಂದ ಕವಾಟ ಲೆಕ್ಕದಂತೆ ನಡೆಯುತ್ತದೆ. ಎದ್ದು ನಿಂತೊಡನೆ ಕೊಳವೆಯಲ್ಲಿ ಅರ್ಧ ಮೀಟರಿನಷ್ಟು ಎತ್ತರದ ದ್ರವದ ಕಂಬ ತೂಗಿ, 10–20 ಸೆಂಟಿಮೀಟರ್ ನೀರಿನ ಒತ್ತಡಕ್ಕೆ ತೆರೆದುಕೊಳ್ಳುವಂತೆ ಹೊಂದಿಸಿದ ಕವಾಟವನ್ನು ಸುಲಭವಾಗಿ ಮೀರಿಬಿಡುತ್ತದೆ. ಎದ್ದಾಗ ಏರಿ, ಮಲಗಿದಾಗ ಇಳಿಯುವ ತಲೆನೋವು ಇದರ ಗುರುತು. ಮಿದುಳು ಒಳಕ್ಕೆ ಕುಗ್ಗಿದಾಗ ಅದರ ಹೊರಪೊರೆಯ ಕೆಳಗೆ ದ್ರವ ಸೇರಬಹುದು; ಅಲ್ಲಿನ ರಕ್ತನಾಳ ಹರಿದರೆ ರಕ್ತವೇ ಶೇಖರವಾಗಬಹುದು. ವಯಸ್ಸಿನಿಂದ ಮಿದುಳು ಮೊದಲೇ ಕುಗ್ಗಿರುವ ವೃದ್ಧರಿಗೆ, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಿಗೆ ಈ ಅಪಾಯ ಹೆಚ್ಚು.

ತಡೆಯುವ ದಾರಿಗಳಲ್ಲಿ ನನಗೆ ಮುಖ್ಯವೆನಿಸುವುದು ನಿಲುವಿನ ಲೆಕ್ಕ ಹಿಡಿಯುವ ಸಾಧನ. ಗುರುತ್ವ ಕವಾಟದಲ್ಲಿ ಪುಟ್ಟ ಲೋಹದ ಗುಂಡುಗಳಿದ್ದು, ರೋಗಿ ನೆಟ್ಟಗಾದಾಗ ಅವು ದಾರಿಯ ಮೇಲೆ ಕುಳಿತು ತಡೆಯನ್ನು ಹೆಚ್ಚಿಸುತ್ತವೆ, ಮಲಗಿದಾಗ ಸರಿದುಕೊಳ್ಳುತ್ತವೆ. ಸೈಫನ್‌ರೋಧಕ ಪೊರೆಯದು ಬೇರೆ ಉಪಾಯ: ಕೆಳಗಿನ ಸೆಳೆತ ಹೆಚ್ಚಾದೊಡನೆ ಪೊರೆ ಒಳಸರಿದು ದಾರಿಯನ್ನು ಕಿರಿದಾಗಿಸುತ್ತದೆ. ಇನ್ನೊಂದು ದಾರಿ, ಹೊರಗಿನಿಂದ ಕಾಂತದ ಮೂಲಕ ಒತ್ತಡ ಬದಲಿಸಬಹುದಾದ ಕವಾಟವನ್ನು ಮೊದಲು ಹೆಚ್ಚಿನ ಒತ್ತಡಕ್ಕಿಟ್ಟು, ಹೈಡ್ರೊಸೆಫಲಸ್‌ನಿಂದ ಕೆಟ್ಟ ನಡಿಗೆ ಸುಧಾರಿಸುವುದನ್ನು ನೋಡುತ್ತ ಹಂತಹಂತವಾಗಿ ಇಳಿಸುವುದು. ಹೆದರಿ ಒತ್ತಡವನ್ನು ಮೇಲೆಯೇ ಉಳಿಸಿದರೆ ಶಂಟ್ ಹಾಕಿಯೂ ಪ್ರಯೋಜನವಿರುವುದಿಲ್ಲ.

ಕಾಂತದಿಂದ ಬದಲಾಗುವ ಇಂಥ ಕೆಲವು ಕವಾಟಗಳ ಹೊಂದಿಕೆಯನ್ನು ಎಂಆರ್‌ಐ ಯಂತ್ರವೂ ಕದಲಿಸಬಲ್ಲದು. ಆದ್ದರಿಂದ ರಾಯಚೂರಿನಲ್ಲಾಗಲಿ ಬಳ್ಳಾರಿಯಲ್ಲಾಗಲಿ, ಮಂಡಿನೋವಿಗೆಂದು ಸ್ಕ್ಯಾನ್ ಮಾಡಿಸಲು ಹೋದರೂ ಕವಾಟದ ವಿವರವಿರುವ ಕಾರ್ಡನ್ನು ಮೊದಲೇ ತೋರಿಸಬೇಕು; ಸ್ಕ್ಯಾನ್ ಮುಗಿದ ಮೇಲೆ ಹೊಂದಿಕೆಯನ್ನು ಮತ್ತೆ ಪರೀಕ್ಷಿಸಬೇಕೇ ಎಂದು ಶಂಟ್ ಹಾಕಿದ ವೈದ್ಯರನ್ನು ಕೇಳಿಕೊಳ್ಳಬೇಕು.