ಕಲ್ಲಾದ ಚಿಪ್ಪಿಗೆ ತೇಜಾಬ್ ಬೇಡ

ಹೋದ ಮಳೆಗಾಲದಲ್ಲಿ ಧಾರವಾಡದ ಅಕ್ಕಾವ್ರೊಬ್ಬರು ಹುಬ್ಬಳ್ಳಿಯ ನನ್ನ ಅಂಗಡಿಗೆ ಬಂದು ಒಂದು ಬೆಳ್ಳಿ ಸರ ಮುಂದಿಟ್ಟರು. ಪದಕದಲ್ಲಿ ಸುರುಳಿ ಸುತ್ತಿದ ಕಲ್ಲು. ಸರ ಹರಿದಿತ್ತು ಅಂತ ಬೇರೆ ಕಡೆ ಬೆಸುಗೆ ಹಾಕಿಸಿದ್ದರು. ಬೆಸುಗೆಯ ಕಪ್ಪು ಹೋಗಲಿ ಅಂತ ಅಲ್ಲಿ ಪದಕದ ಸಮೇತ ತೇಜಾಬಿನಲ್ಲಿ, ಅಂದರೆ ಆಸಿಡ್‌ನಲ್ಲಿ, ಅದ್ದಿಬಿಟ್ಟಿದ್ದಾರೆ. ಕನ್ನಡಿಯ ಹಾಗೆ ಮಿಂಚಬೇಕಾದ ಕಲ್ಲು ಹಳೇ ಗೋಡೆಯ ಹಾಗೆ ಬಿಳಿಚಿಕೊಂಡಿತ್ತು. “ಕಲ್ಲಿಗೆ ಏನಾಗ್ತದ ಅಂತ ನಾನೂ ಸುಮ್ನಿದ್ದೆರೀ ಕಾಕಾ” ಅಂದರು. ನನ್ನ ಕರುಳು ಚುರುಕ್ ಅಂತು.

ಅದು ಅಮೋನೈಟ್. ಸಮುದ್ರದಲ್ಲಿದ್ದ ಒಂದು ಜೀವಿಯ ಚಿಪ್ಪು. ನೋಡಲು ಬಸವನಹುಳುವಿನ ಹಾಗಿದ್ದರೂ ಅದರ ಹತ್ತಿರದ ಬಳಗ ಆಕ್ಟೋಪಸ್, ಸ್ಕ್ವಿಡ್. ಬೆಳೆದ ಹಾಗೆಲ್ಲ ಹಿಂದೆ ಒಂದು ಗೋಡೆ ಕಟ್ಟಿ, ಮುಂದಿನ ದೊಡ್ಡ ಕೋಣೆಗೆ ಸರಿದು, ಬಿಟ್ಟ ಕೋಣೆಗಳ ನೀರನ್ನು ಒಂದು ಸಣ್ಣ ನಳಿಗೆಯಿಂದ ಹೀರಿ ತೆಗೆದು ಗಾಳಿ ತುಂಬಿಸಿಕೊಂಡು ತೇಲುತ್ತಿತ್ತು. ಸುಮಾರು 6.6 ಕೋಟಿ ವರ್ಷದ ಹಿಂದೆ ಡೈನೋಸಾರ್‌ಗಳು ಹೋದಾಗ ಇವೂ ಹೋದವು. ಕೆಸರಲ್ಲಿ ಹೂತ ಚಿಪ್ಪಿನ ಖಾಲಿ ಕೋಣೆಗಳಿಗೆ ನೀರು ಇಳಿದು, ನೀರಿನಲ್ಲಿದ್ದ ಖನಿಜ ಹರಳುಗಟ್ಟಿತು. ಮಡಗಾಸ್ಕರ್‌ನಿಂದ ಬರುವ ಅಮೋನೈಟನ್ನು ನಡುವೆ ಸೀಳಿದರೆ ಒಂದು ಕೋಣೆ ಜೇನಿನ ಬಣ್ಣ, ಪಕ್ಕದ್ದು ಹಾಲಿನ ಬಣ್ಣ ಇರುತ್ತದೆ. ಎರಡು ಹೋಳೂ ಬಿಂಬ-ಪ್ರತಿಬಿಂಬ. ಜೋಡಿ ಓಲೆಗೆ ಇದಕ್ಕಿಂತ ಚೆಂದದ್ದು ನಾನಂತೂ ಕಂಡಿಲ್ಲ.

ನಮ್ಮಲ್ಲಿ ಎಷ್ಟೋ ಮನೆಗಳ ದೇವರ ಪೆಟ್ಟಿಗೆಯಲ್ಲಿ ಈ ಜೀವಿ ಮೊದಲಿಂದಲೂ ಇದೆ. ನೇಪಾಳದ ಕಾಳಿ ಗಂಡಕಿ ನದಿಯ ಸಾಲಿಗ್ರಾಮದೊಳಗಿನ ಚಕ್ರ ಅಮೋನೈಟಿನ ಅಚ್ಚೇ. ಹಿಮಾಲಯ ಏಳುವ ಮುಂಚೆ ಅಲ್ಲಿ ಸಮುದ್ರವಿತ್ತು. ಅದು ಪೂಜೆಯ ವಸ್ತು, ಕೊರೆದು ಪದಕ ಮಾಡಿಕೊಡಿ ಅಂದರೆ ನಾನು ಮಾಡುವುದಿಲ್ಲ.

ಇನ್ನೊಂದು ಮಾತು. ಅಮೋನೈಟ್ ಗದಗಿನ ಕಪ್ಪತಗುಡ್ಡದಲ್ಲಿ ಸಿಕ್ಕಿತು ಅಂತ ಯಾರಾದರೂ ಮಾರಿದರೆ ಕೊಳ್ಳಬೇಡಿ. ಆ ಗುಡ್ಡದ ಕಲ್ಲಿಗೆ 250 ಕೋಟಿ ವರ್ಷಕ್ಕೂ ಜಾಸ್ತಿ ವಯಸ್ಸು. ಅದರಲ್ಲಿ ಬಂಗಾರದ ಎಳೆ ಇದೆ, ಚಿಪ್ಪು ಇರಲು ಸಾಧ್ಯವಿಲ್ಲ, ಯಾಕಂದರೆ ಆಗ ಚಿಪ್ಪಿನ ಪ್ರಾಣಿಯೇ ಹುಟ್ಟಿರಲಿಲ್ಲ. ನಮ್ಮ ದೇಶದಲ್ಲಿ ಅಮೋನೈಟ್ ಸಿಗುವುದು ಗುಜರಾತಿನ ಕಛ್, ತಮಿಳುನಾಡಿನ ಅರಿಯಲೂರು, ಹಿಮಾಲಯದ ಸ್ಪಿತಿಯಂಥ ಕಡೆ.

ಈಗ ತೇಜಾಬಿನ ವಿಷಯ. ಈ ಚಿಪ್ಪೂ, ಒಳಗಿನ ಹರಳೂ ಹೆಚ್ಚಾಗಿ ಕ್ಯಾಲ್ಸಿಯಂ ಕಾರ್ಬೊನೇಟ್. ಎಲೆ-ಅಡಿಕೆಯ ಸುಣ್ಣಕ್ಕೆ ಸುಡುವ ಕಪ್ಪೆಚಿಪ್ಪೂ ಅದೇ, ಮುತ್ತು ಹವಳವೂ ಬಹುಪಾಲು ಅದೇ. ಹುಳಿ ತಾಗಿದರೆ ನೊರೆಯೆದ್ದು ಕರಗುತ್ತದೆ. ತೇಜಾಬ್ ಅಂತೂ ಬೇಡವೇ ಬೇಡ, ಮನೆಯಲ್ಲಿ ಬೆಳ್ಳಿ ತಿಕ್ಕುವ ಹುಣಸೆಹಣ್ಣು, ನಿಂಬೆಹುಳಿಯೂ ಬೇಡ. ಮೆತ್ತನೆಯ ಒದ್ದೆ ಬಟ್ಟೆ ಸಾಕು. ಅಂಗಡಿಯಲ್ಲಿ ಒಡವೆಯನ್ನು ನೀರಲ್ಲಿ ನಡುಗಿಸಿ ತೊಳೆಯುವ ಅಲ್ಟ್ರಾಸಾನಿಕ್ ಯಂತ್ರಕ್ಕೂ ಹಾಕಲು ಬಿಡಬೇಡಿ, ಕೋಣೆಗಳ ನಡುವಿನ ಗೋಡೆ ಬಿರುಕು ಬಿಡಬಹುದು.

ಉಂಗುರಕ್ಕೆ ಬೇಡ ಅಂತ ನಾನು ಹೇಳುವುದು ಯಾಕೆ ಗೊತ್ತಾ? ಗಡಸುತನದ 10ರ ಅಳತೆಯಲ್ಲಿ ಇದು 3, ಬೆಣಚುಕಲ್ಲು 7. ರಸ್ತೆಯ ಧೂಳಲ್ಲಿ ಬೆಣಚಿನ ಕಣ ಇದ್ದೇ ಇರುತ್ತದೆ, ಹುಬ್ಬಳ್ಳಿ ಧೂಳಂತೂ ನಿಮಗೆ ಗೊತ್ತಲ್ವಾ. ಪದಕ, ಓಲೆ ಆದರೆ ಬಾಳುತ್ತದೆ. ಕೆನಡಾದ ಆಲ್ಬರ್ಟಾದಿಂದ ಬರುವ, ಕಾಮನಬಿಲ್ಲಿನ ಬಣ್ಣದ ಅಮೊಲೈಟ್ ಕೂಡ ಅಮೋನೈಟಿನ ಚಿಪ್ಪೇ. ಆದರೆ ಬಣ್ಣದ ಪದರ ತೀರಾ ತೆಳ್ಳಗಿರುವುದರಿಂದ ಅದರ ಮೇಲೆ ಸ್ಫಟಿಕದ ಮುಚ್ಚಳ ಅಂಟಿಸುತ್ತಾರೆ. ಇದು ಮೋಸವಲ್ಲ, ಆದರೆ ಮಾರುವವರು ಬಾಯಿಬಿಟ್ಟು ಹೇಳಬೇಕು. ಬಂಗಾರದ ಹಾಗೆ ಹೊಳೆಯುವ ಅಮೋನೈಟ್ ಇದ್ದರೆ ಅದು ಪೈರೈಟ್ ಅನ್ನುವ ಕಬ್ಬಿಣ-ಗಂಧಕದ ಖನಿಜ, ಧಾರವಾಡದ ಮಳೆಗಾಲದ ತೇವಕ್ಕೆ ಪುಡಿಯಾಗಬಹುದು. ಗಾಳಿಯಾಡದ ಡಬ್ಬಿಯಲ್ಲಿಡಿ.

ನಕಲಿಯೂ ಇದೆ. ರಾಳದಲ್ಲಿ ಎರಕ ಹೊಯ್ದದ್ದು ಹಗುರ, ಕೈಗೆ ತಣ್ಣಗೆ ಹತ್ತುವುದಿಲ್ಲ, ಭೂತಗನ್ನಡಿಯಲ್ಲಿ ಗಾಳಿಗುಳ್ಳೆ ಕಾಣಿಸಬಹುದು. ಅಸಲಿಯಲ್ಲಿ ಒಂದು ಕೋಣೆಯ ಹರಳು ಇನ್ನೊಂದರ ಹಾಗಿರುವುದಿಲ್ಲ.

ಅಕ್ಕಾವ್ರ ಪದಕಕ್ಕೆ ಬರೋಣ. ಕಲ್ಲನ್ನು ಬಿಡಿಸಿ, ತೇಜಾಬ್ ತಿಂದ ಪದರವನ್ನು ನೀರಲ್ಲಿಟ್ಟು ನಯವಾದ ಮರಳುಕಾಗದದಿಂದ ಎರಡು ದಿನ ಉಜ್ಜಿದೆ. ಹೊಳಪು ಬಹಳಷ್ಟು ಮರಳಿತು, ಅಂಚಿನ ಎರಡು ಕೋಣೆ ಮಾತ್ರ ಮಸುಕಾಗಿಯೇ ಉಳಿದವು. ಬೆಳ್ಳಿಯ ಬೆಸುಗೆ ಎಲ್ಲ ಮುಗಿದ ಮೇಲೆಯೇ ಕಲ್ಲು ಕೂರಿಸಿದೆ. ಪದಕಕ್ಕೆ ಈಗ ಬಿಚ್ಚುವ ಕೊಂಡಿ ಹಾಕಿದ್ದೇನೆ, ಇನ್ನೊಮ್ಮೆ ಸರ ಹರಿದರೆ ಸರವನ್ನಷ್ಟೇ ರಿಪೇರಿಗೆ ಕೊಡಬಹುದು.