ಕಿವಿ ಹಿಂದಿನ ಮೂಳೆಯಲ್ಲಿ ಕೀವು: ಆಪರೇಷನ್ ಆಗಲೇಬೇಕಾ?

ಪ್ರಶ್ನೆ: ಮಗನಿಗೆ ನಾಲ್ಕು ವರ್ಷ. ಶೀತ ಆಗಿ ಕಿವಿನೋವು ಬಂದಿತ್ತು. ಈಗ ಕಿವಿ ಹಿಂದೆ ಕೆಂಪಾಗಿ ಊದಿದೆ, ಜ್ವರವೂ ಇದೆ. ಮನೆಯಲ್ಲಿ ಮಂಗನಬಾವು ಅಂದರು. ಡಾಕ್ಟರು ಮೂಳೆಗೆ ಸೋಂಕಾಗಿದೆ, ಅಡ್ಮಿಟ್ ಮಾಡಿ, ಆಪರೇಷನ್ ಬೇಕಾಗಬಹುದು ಅಂತಾರೆ. ಮಾತ್ರೆಯಲ್ಲೇ ವಾಸಿ ಆಗಲ್ವಾ?
- ಹೊಸನಗರ ಕಡೆಯ ಒಬ್ಬ ತಾಯಿ

ಉತ್ತರ: ಮೊದಲು ಅಡ್ಮಿಟ್ ಮಾಡಿ. ಉಳಿದದ್ದನ್ನು ವಾರ್ಡಿನಲ್ಲಿ ಕೂತು ಓದಿದರಾಯಿತು.

ನಿಮ್ಮದೇ ಕಿವಿಯ ಹಿಂದೆ ಬೆರಳಿಟ್ಟು ನೋಡಿ. ಗಟ್ಟಿ ಉಬ್ಬು ಸಿಗುತ್ತದಲ್ಲ, ಅದೇ ಮ್ಯಾಸ್ಟಾಯ್ಡ್ ಮೂಳೆ. ಹೊರಗೆ ಕಲ್ಲಿನಂತಿದ್ದರೂ ಒಳಗೆ ಜೇನಿನ ಎರಿ ಥರ ಸಣ್ಣ ಸಣ್ಣ ಗೂಡುಗಳು, ಗೂಡುಗಳಲ್ಲಿ ಗಾಳಿ. ಕಿವಿತಮಟೆಯ ಹಿಂದಿನ ಜಾಗದಿಂದ ಇಲ್ಲಿಗೆ ದಾರಿ ಇದೆ. ಶೀತ ಆದಾಗ ತಮಟೆಯ ಹಿಂದೆ ಕೀವು ತುಂಬಿ, ಅದೇ ದಾರಿಯಲ್ಲಿ ಗೂಡಿಗೆ ಇಳಿಯುತ್ತದೆ. ಆಮೇಲೆ ಗೂಡುಗಳ ನಡುವಿನ ತೆಳು ಗೋಡೆಗಳು ಕರಗಲು ಶುರುವಾಗುತ್ತವೆ.

ಮಂಗನಬಾವು ಹೌದೋ ಅಲ್ಲವೋ ಅಂತ ಒಂದು ಅಂದಾಜು ಮಾಡಬಹುದು. ಮಗುವಿನ ಬೆನ್ನ ಹಿಂದೆ ನಿಂತು ಎರಡೂ ಕಿವಿ ಒಟ್ಟಿಗೆ ನೋಡಿ. ಮೂಳೆಯ ಸೋಂಕಾದರೆ ಆ ಕಿವಿ ಹೊರಕ್ಕೂ ಕೆಳಕ್ಕೂ ತಳ್ಳಿದ ಹಾಗಿರುತ್ತದೆ. ಕಿವಿ ತಲೆಗೆ ಅಂಟುವಲ್ಲಿನ ಮಡಿಕೆ ಊತದಲ್ಲಿ ಮುಚ್ಚಿಹೋಗಿರುತ್ತದೆ. ಮುಟ್ಟಿದರೆ ಮಗು ಕೈ ತಳ್ಳುತ್ತದೆ. ಮಂಗನಬಾವಿನ ಊತ ಕಿವಿಯ ಮುಂದೆ, ದವಡೆ ಮೂಲೆಯ ಕಡೆ ಜಾಸ್ತಿ. ಆದರೆ ಅನುಮಾನ ಇದ್ದರೆ ಮನೆಯಲ್ಲಿ ಲೆಕ್ಕ ಹಾಕುತ್ತಾ ಕೂರಬೇಡಿ.

ಇನ್ನು ಮಾತ್ರೆಯ ವಿಷಯ. ಇಲ್ಲಿ ಮಾತ್ರೆ ನೆಚ್ಚಿಕೊಂಡು ಕೂರುವ ಹಾಗಿಲ್ಲ. ಆಂಟಿಬಯಾಟಿಕ್ ಔಷಧಿ ನೇರ ರಕ್ತನಾಳಕ್ಕೇ ಹೋಗಬೇಕು. ಅಡ್ಮಿಟ್ ಅನ್ನುವುದು ಅದಕ್ಕೇ. ಜೊತೆಗೆ ಬಹಳ ಸಲ ತಮಟೆಗೆ ಸಣ್ಣದೊಂದು ಗೀರು ಹಾಕಿ ಕೀವು ಹೊರಬಿಡುತ್ತಾರೆ. ಆ ಕೀವನ್ನು ಲ್ಯಾಬಿಗೆ ಕೊಟ್ಟರೆ ಯಾವ ಬ್ಯಾಕ್ಟೀರಿಯಾ, ಯಾವ ಔಷಧಿ ಅಂತ ಗೊತ್ತಾಗುತ್ತದೆ. ಎಷ್ಟೋ ಮಕ್ಕಳಿಗೆ ಇಷ್ಟರಲ್ಲೇ ಜ್ವರ ಇಳಿದು ಊತ ಕರಗುತ್ತದೆ. ಮನೆಗೆ ಬಂದ ಮೇಲೂ ಔಷಧಿ ಮುಂದುವರಿಯುತ್ತದೆ. ಚೆನ್ನಾಗಿದ್ದಾನಲ್ಲ ಅಂತ ನೀವೇ ನಿಲ್ಲಿಸಬೇಡಿ.

ಒಂದೆರಡು ದಿನದಲ್ಲಿ ಇಳಿಯದಿದ್ದರೆ, ಇಲ್ಲಾ ಚರ್ಮದಡಿ ಕೀವು ಗಡ್ಡೆ ಕಟ್ಟಿದ್ದರೆ, ಆಗ ಆಪರೇಷನ್ ಮಾತು. ಮುಚ್ಚಿಕೊಂಡ ಕೀವಿಗೆ ರಕ್ತದಲ್ಲಿರುವ ಔಷಧಿ ಸರಿಯಾಗಿ ತಲುಪುವುದಿಲ್ಲ. ಸಿಟಿ ಸ್ಕ್ಯಾನ್ ನೋಡಿಕೊಂಡು, ಅರಿವಳಿಕೆ ಕೊಟ್ಟು, ಕಿವಿ ಹಿಂದೆ ಕುಯ್ದು, ಸಣ್ಣ ಡ್ರಿಲ್‌ನಿಂದ ಕೀವು ತುಂಬಿದ ಗೂಡುಗಳನ್ನು ತೆರೆದು ತೊಳೆಯುತ್ತಾರೆ. 1873ರಲ್ಲಿ ಜರ್ಮನಿಯ ಹರ್ಮನ್ ಶ್ವಾರ್ಟ್ಸೆ ಈ ಆಪರೇಷನ್ನಿಗೆ ಒಂದು ಕ್ರಮ ಹಾಕಿಕೊಟ್ಟರು. ಆಗ ಉಳಿಯಿಂದ ಕೆತ್ತುತ್ತಿದ್ದರು! ಮಿದುಳಿಗೆ ಏಟಾದರೆ ಅಂತ ಎಲ್ಲರೂ ಹೆದರುತ್ತಾರೆ. ಮಿದುಳಿನ ಪೊರೆ, ದೊಡ್ಡ ರಕ್ತನಾಳ, ಮುಖದ ನರ ಎಲ್ಲವೂ ಅಲ್ಲೇ ಪಕ್ಕದಲ್ಲಿವೆ, ನಿಜ. ಸರ್ಜನ್ನರು ಅವನ್ನು ಗುರುತಿಟ್ಟುಕೊಂಡೇ ಕೈ ಆಡಿಸುವುದು. ಕೀವಿಗೆ ಆ ಎಚ್ಚರ ಎಲ್ಲಿಂದ ಬರಬೇಕು? ಬಿಟ್ಟರೆ ಅದು ಅದೇ ಜಾಗಗಳಿಗೆ ಹಬ್ಬಿ ಮಿದುಳುಜ್ವರವೋ ಬಾಯಿ ಸೊಟ್ಟ ಆಗುವುದೋ ಆದೀತು. ಮಗು ಒಂದೇ ಸಮನೆ ವಾಂತಿ ಮಾಡಿದರೆ, ಮಂಕಾದರೆ, ಕುತ್ತಿಗೆ ಬಗ್ಗಿಸಲು ಆಗದಿದ್ದರೆ ರಾತ್ರಿಯಾದರೂ ಸರಿ, ಹೊರಡಿ. ಘಟ್ಟದ ಕಡೆಯವರಿಗೆ ಮಳೆಗಾಲದಲ್ಲಿ ಶಿವಮೊಗ್ಗ ಎಷ್ಟು ದೂರ ಅಂತ ನಾನು ಹೇಳಬೇಕಾಗಿಲ್ಲ. ಅದಕ್ಕೇ ನಾಳೆ ನೋಡೋಣ ಅನ್ನುವುದು ಬೇಡ.

ಬೆಳ್ಳುಳ್ಳಿ ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆ ಬಿಟ್ಟಿದ್ದೀರಾ? ಬೈಯುತ್ತಿಲ್ಲ. ನಮ್ಮಜ್ಜಿಯೂ ಬಿಡುತ್ತಿದ್ದರು, ಆ ವಾಸನೆ ಇನ್ನೂ ಮೂಗಿನಲ್ಲಿದೆ. ಆದರೆ ತಮಟೆ ಗಟ್ಟಿ ಇದ್ದರೆ ಎಣ್ಣೆ ಕೀವಿನ ತನಕ ಹೋಗುವುದೇ ಇಲ್ಲ. ತೂತಾಗಿದ್ದರೆ ಒಳಗೇ ಇಳಿಯುತ್ತದೆ, ಅದು ಇನ್ನೂ ಕೆಟ್ಟದ್ದು.

ವರ್ಷಗಟ್ಟಲೆ ವಾಸನೆಯ ಕೀವು ಸೋರುವ ಕಿವಿಯ ಕತೆ ಬೇರೆ. ಅಲ್ಲಿ ಚರ್ಮ ಒಳಗೆ ಬೆಳೆದು ಮೂಳೆ ತಿನ್ನುತ್ತಿರಬಹುದು. ನೋವೂ ಇರುವುದಿಲ್ಲ. ಅದಕ್ಕೆ ಸಾಮಾನ್ಯವಾಗಿ ಆಪರೇಷನ್ನೇ ಗತಿ.

ಮನೆಯಲ್ಲಿ ಇನ್ನೊಂದು ಕೂಸಿದ್ದರೆ ನ್ಯುಮೋಕಾಕಲ್ ಲಸಿಕೆ ತಪ್ಪಿಸಬೇಡಿ. ಈ ಸೋಂಕು ತರುವ ಮುಖ್ಯ ಬ್ಯಾಕ್ಟೀರಿಯಾದ ಹಲವು ಬಗೆಗಳನ್ನು ಅದು ತಡೆಯುತ್ತದೆ. 6 ವಾರ, 14 ವಾರ, 9 ತಿಂಗಳಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ.

ಆಪರೇಷನ್ ಆದರೂ ಹೊಲಿಗೆಯ ಗೆರೆ ಕಿವಿ ಮಡಿಕೆಯ ಹತ್ತಿರವೇ ಇರುತ್ತದೆ, ಅಷ್ಟಾಗಿ ಕಾಣುವುದಿಲ್ಲ. ಡಾಕ್ಟರು ಸರಿ ಅನ್ನುವವರೆಗೆ ಸ್ನಾನದ ಹೊತ್ತಿಗೆ ವ್ಯಾಸಲೀನ್ ಸವರಿದ ಹತ್ತಿ ಇಡಿ. ಹಳ್ಳದಲ್ಲಿ ಈಜು ಬೇಡ. ವಾಸಿಯಾದ ಮೇಲೆ ಕಿವಿ ಎಷ್ಟು ಕೇಳಿಸುತ್ತದೆ ಅಂತ ಒಮ್ಮೆ ಪರೀಕ್ಷೆ ಮಾಡಿಸಿ.